ಹೋಂಸ್ಟೇ ಕೆಲಸ, ಒಡೆದ ಕೈ: ಇದು ನಂಜೋ, ನೀರೋ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಆಲ್ದೂರಿನ ಹತ್ತಿರ ಒಂದು ಹೋಂಸ್ಟೇಯಲ್ಲಿ ನಾಲ್ಕು ವರ್ಷದಿಂದ ಕ್ಲೀನಿಂಗ್ ಕೆಲಸ ಮಾಡುತ್ತಿದ್ದೇನೆ. ಆರು ರೂಮು, ಆರು ಬಾತ್‌ರೂಮು. ಶನಿವಾರ, ಭಾನುವಾರ ಹನ್ನೊಂದು ಗಂಟೆಗೆ ಒಬ್ಬರು ಹೋದರೆ ಒಂದು ಗಂಟೆಗೆ ಇನ್ನೊಬ್ಬರು ಬರುತ್ತಾರೆ. ಅಷ್ಟರಲ್ಲಿ ಎಲ್ಲ ಮುಗಿಯಬೇಕು. ಒಂದೂವರೆ ವರ್ಷದ ಹಿಂದೆ ಬೆರಳ ಸಂದಿಯಲ್ಲಿ, ಉಂಗುರದ ಕೆಳಗೆ ಕೆಂಪಾಗಿ ತುರಿಕೆ ಶುರುವಾಯಿತು. ಈಗ ಎರಡೂ ಕೈ ಒಡೆದು ರಕ್ತ ಬರುತ್ತದೆ. ಊಟ ಮಾಡುವಾಗ ಸಾರು ತಾಗಿದರೆ ಜೀವ ಹೋಗುತ್ತದೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ರಕ್ತ ಕೆಟ್ಟಿದೆ, ನಂಜು ತಿನ್ನಬೇಡ ಎಂದು ಅತ್ತೆ ಹೇಳುತ್ತಾರೆ. ಬದನೆಕಾಯಿ, ಒಣಮೀನು, ಕಡಲೆಕಾಯಿ ಬಿಟ್ಟು ಎಂಟು ತಿಂಗಳಾಯಿತು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ವಾರದಲ್ಲಿ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಗ್ಲೌಸ್ ಹಾಕಿ ನೋಡಿದೆ, ತುರಿಕೆ ಇನ್ನೂ ಜಾಸ್ತಿಯಾಯಿತು. ಗೆಸ್ಟ್ ನೋಡಿದರೆ ಏನಂದುಕೊಳ್ಳುತ್ತಾರೆ, ಅಡುಗೆಮನೆಗೆ ಬರಬೇಡ ಅಂದಿದ್ದಾರೆ ಓನರ್. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ನನ್ನ ಹೆಬ್ಬೆಟ್ಟೂ ತಗೊಳ್ಳಲಿಲ್ಲ. ಮಗಳು ಪಿಯುಸಿ ಓದುತ್ತಿದ್ದಾಳೆ, ಇದನ್ನು ಅವಳೇ ಬರೆದು ಕಳಿಸುತ್ತಿದ್ದಾಳೆ. ನಾನು ಕೆಲಸ ಬಿಡಬೇಕಾ? ಇದು ಅಂಟುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದು ಕೈಯ ಇಸುಬಿನ ಲಕ್ಷಣ. ಡಾಕ್ಟರುಗಳು ಎಕ್ಸಿಮಾ ಅನ್ನುತ್ತಾರಲ್ಲ, ಅದೇ. ಇಸುಬು ಅಂಟುವುದಿಲ್ಲ. ನಿಮ್ಮ ಕೈಯಿಂದ ಮಗಳಿಗೆ ಬರುವುದಿಲ್ಲ, ನೀವು ಹಾಸಿದ ಬೆಡ್‌ಶೀಟಿನಿಂದ ಗೆಸ್ಟ್‌ಗಳಿಗೂ ಬರುವುದಿಲ್ಲ. ಬೇಕಿದ್ದರೆ ಈ ಸಾಲುಗಳನ್ನು ಓನರ್ ಮುಂದೆ ಓದಲು ಮಗಳಿಗೆ ಹೇಳಿ. ಹಾಗಂತ ಈಗ ಅಡುಗೆಮನೆಯ ಕೆಲಸ ಬೇಡ ಅಂತ ನಾನೂ ಹೇಳುತ್ತೇನೆ. ನನ್ನ ಕಾರಣ ಬೇರೆ. ಒಡೆದ ಚರ್ಮದಲ್ಲಿ ಕೀವು ಮಾಡುವ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ, ಅವು ಊಟಕ್ಕೆ ಹೋಗಬಾರದು. ಜೊತೆಗೆ ಬೆಳ್ಳುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ನಿಮ್ಮ ಕೈಗೆ ಇನ್ನಷ್ಟು ಹಿಂಸೆ ಕೊಡುತ್ತವೆ. ಬಿರುಕು ಕೂಡಿಕೊಂಡ ಮೇಲೆ ಈ ತಡೆ ಬೇಕಿಲ್ಲ.

ಕಾಗದ ಓದಿದರೆ ಚರ್ಮ ನೋಡಿದ ಹಾಗಾಗುವುದಿಲ್ಲ, ಅದು ನಿಜ. ಆದರೂ ನಿಮ್ಮ ಕಾಗದದಲ್ಲಿ ಎರಡು ಸುಳಿವು ಇವೆ. ಎದುರಿಗೆ ಕೂತವರೂ ಎಷ್ಟೋ ಸಲ ಇವನ್ನು ಹೇಳುವುದಿಲ್ಲ: ಬೆರಳ ಸಂದಿ ಮತ್ತು ಉಂಗುರದ ಕೆಳಗೆ. ಸೋಪಿನ ನೀರು ಹೋಗಿ ನಿಲ್ಲುವುದು ಅಲ್ಲಿಯೇ. ಕೈ ಒರೆಸಿಕೊಂಡರೂ ಅಲ್ಲಿ ತೇವ ಉಳಿಯುತ್ತದೆ. ಅಂಗೈ ಚರ್ಮ ದಪ್ಪ, ಸಂದಿಯ ಚರ್ಮ ತೆಳು. ಅದಕ್ಕೇ ನೀರಿನ ಕೆಲಸದವರ ಇಸುಬು ಸಾಮಾನ್ಯವಾಗಿ ಸಂದಿಯಿಂದ ಶುರುವಾಗಿ ಆಮೇಲೆ ಬೆರಳಿಗೆ, ಮುಂಗೈಗೆ ಹರಡುತ್ತದೆ.

ಈಗ ಅತ್ತೆಯವರ ನಂಜಿನ ವಿಚಾರ. ಅವರ ಮಾತನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ನಮ್ಮ ಕಡೆ ಗಾಯ ಆದರೂ, ಬಾಣಂತನ ಆದರೂ, ಮೈ ತುರಿಸಿದರೂ ಮೊದಲು ತಟ್ಟೆಯಿಂದ ಹೋಗುವುದು ಬದನೆಕಾಯಿ. ಆದರೆ ನೀವೇ ಒಂದು ಪರೀಕ್ಷೆ ಮಾಡಿ ಮುಗಿಸಿದ್ದೀರಿ. ಎಂಟು ತಿಂಗಳು ಬಿಟ್ಟಿರಿ, ಕೈ ಒಡೆಯುವುದು ನಿಲ್ಲಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ? ಬದನೆಕಾಯಿ ತಿನ್ನಿ, ಒಣಮೀನೂ ತಿನ್ನಿ. ಯಾವುದಾದರೂ ಒಂದು ಪದಾರ್ಥ ತಿಂದ ಗಂಟೆಯೊಳಗೆ ಮೈಮೇಲೆ ದದ್ದು ಎದ್ದರೆ ಅದನ್ನು ಮಾತ್ರ ಬಿಡಿ, ಅದು ಬೇರೆ ಕಾಯಿಲೆ. ದುಡಿಯುವ ಹೆಂಗಸು ಎಂಟು ತಿಂಗಳು ಮೀನು, ಕಡಲೆಕಾಯಿ ಬಿಟ್ಟರೆ ನಷ್ಟ ಆಗುವುದು ಮೈಗೆ. ರಕ್ತ ಕೆಟ್ಟಿದೆ ಅನ್ನುವುದೂ ಅಷ್ಟೇ. ರಕ್ತ ಕೆಟ್ಟಿದ್ದರೆ ಬರೀ ಕೈಯಲ್ಲಿ, ಅದೂ ಬೆರಳ ಸಂದಿಯನ್ನೇ ಹುಡುಕಿಕೊಂಡು ಯಾಕೆ ಬರುತ್ತದೆ? ರಕ್ತಶುದ್ಧಿಯ ಬಾಟಲಿಗೆ ಹಾಕುವ ದುಡ್ಡಿನಲ್ಲಿ ಎರಡು ಜೊತೆ ಒಳ್ಳೆಯ ಗ್ಲೌಸ್ ಬರುತ್ತದೆ.

ಹಾಗಾದರೆ ಆಗುತ್ತಿರುವುದೇನು?

ನಿಮ್ಮ ಮನೆಯಲ್ಲಿ ಕಬ್ಬಿಣದ ದೋಸೆ ಹಂಚು ಇದೆಯಲ್ವಾ? ಚೆನ್ನಾಗಿ ಪಳಗಿದ ಹಂಚಿನಿಂದ ದೋಸೆ ತಾನಾಗಿ ಏಳುತ್ತದೆ. ಯಾರೋ ಗೊತ್ತಿಲ್ಲದವರು ಅದಕ್ಕೆ ಸೋಪಿನ ಪುಡಿ ಹಾಕಿ, ಗಸಗಸ ತಿಕ್ಕಿ ಬೆಳಗಿಟ್ಟರೆ? ಮರುದಿನ ಮೊದಲನೇ ದೋಸೆ ಕಿತ್ತುಕೊಂಡು ಬರುತ್ತದೆ. ಹಂಚು ಹಾಳಾಗಿಲ್ಲ, ಅದರ ಮೇಲೆ ಕೂತಿದ್ದ ಎಣ್ಣೆಯ ಪದರ ಹೋಗಿದೆ. ಮತ್ತೆ ಪಳಗಲು ದಿನಗಳು ಬೇಕು. ಚರ್ಮದ ಮೇಲ್ಪದರದ ಕಥೆಯೂ ಹೆಚ್ಚುಕಡಿಮೆ ಇದೇ. ಸತ್ತ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ನಡುವೆ ಕೊಬ್ಬಿನ ಅಂಟು ಇರುತ್ತದೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಸೋಪು ಒಳಗೆ ಬಾರದಂತೆ ತಡೆಯುವುದು ಆ ಅಂಟು. ಪಾತ್ರೆಯ ಜಿಡ್ಡು ತೆಗೆಯುವ ಪುಡಿಗೆ ಪಾತ್ರೆಯ ಜಿಡ್ಡು ಯಾವುದು, ನಿಮ್ಮ ಚರ್ಮದ ಜಿಡ್ಡು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತೆಗೆಯುತ್ತದೆ. ಆಮೇಲೆ ಸೋಪು, ಫಿನೈಲು ಒಳಕ್ಕೆ ಇಳಿಯುತ್ತವೆ, ಚರ್ಮ ಕೆರಳುತ್ತದೆ. ಆ ಕೆರಳುವಿಕೆಯೇ ಇಸುಬು.

ಬರೀ ನೀರು ಕೂಡ ಮುಗ್ಧ ಅಲ್ಲ. ನೀರು ತಾಗಿದರೆ ಚರ್ಮ ಮೆತ್ತಗಾಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ನೆನೆದು ಒಣಗಿ, ನೆನೆದು ಒಣಗಿ ಆಗುವಾಗ ಚರ್ಮ ತನ್ನ ತೇವವನ್ನೇ ಕಳೆದುಕೊಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಬೆಟ್ಟದ ಸಾಲಿನ ಒಣ ಚಳಿಗಾಳಿ ಇದಕ್ಕೆ ಸೇರುತ್ತದೆ. ಬೆಳಗಿನ ಚಳಿಗೆ ಗೀಸರ್‌ನ ಬಿಸಿನೀರಿನಲ್ಲಿ ಕೈ ಅದ್ದಿದರೆ ತುರಿಕೆ ಒಂದು ಕ್ಷಣ ನಿಂತು ಹಿತವಾಗುತ್ತದೆ. ನನಗೆ ಗೊತ್ತು, ಎಲ್ಲರೂ ಹೇಳುತ್ತಾರೆ. ಆದರೆ ಬಿಸಿನೀರು ತಣ್ಣೀರಿಗಿಂತ ಬೇಗ ಜಿಡ್ಡು ತೆಗೆಯುತ್ತದೆ. ಅರ್ಧ ಗಂಟೆಯಲ್ಲಿ ತುರಿಕೆ ಇಮ್ಮಡಿಯಾಗಿ ವಾಪಸ್ ಬರುತ್ತದೆ.

ಈಗ ನಿಮ್ಮ ದಿನವನ್ನು ಲೆಕ್ಕ ಹಾಕಿ. ಜರ್ಮನಿಯಲ್ಲಿ ಕೆಲಸದ ಸುರಕ್ಷತೆಗೆ ಒಂದು ನಿಯಮ ಇದೆ. ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆಯಾಗಿದ್ದರೆ, ಅಥವಾ ಪದೇಪದೇ ಕೈ ತೊಳೆದರೆ ಅದು ಚರ್ಮಕ್ಕೆ ಅಪಾಯದ ಕೆಲಸ. ನಿಮ್ಮದು ಆರು ಬಾತ್‌ರೂಮು. ಒಂದಕ್ಕೆ ಇಪ್ಪತ್ತು ನಿಮಿಷ ಅಂದರೂ ಅಲ್ಲಿಗೇ ಎರಡು ಗಂಟೆ ಮುಗಿಯಿತು. ನೆಲ ಒರೆಸುವುದು, ಬಟ್ಟೆ ನೆನೆಸುವುದು ಬೇರೆ. ಸಂಜೆ ಮನೆಗೆ ಹೋದರೆ ಅಲ್ಲಿಯ ಪಾತ್ರೆ, ಬಟ್ಟೆ ಯಾರು ತೊಳೆಯುತ್ತಾರೆ? ನೀವೇ ಅಲ್ವಾ. ಸಂಬಳದ ಕೆಲಸ ಮುಗಿದರೂ ಕೈಯ ಕೆಲಸ ಮುಗಿಯುವುದಿಲ್ಲ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಕಾಣುವುದಕ್ಕೆ ಇದೇ ದೊಡ್ಡ ಕಾರಣ. ಹೆಣ್ಣಿನ ಚರ್ಮ ನಾಜೂಕು ಅಂತ ಅಲ್ಲ.

ಇನ್ನು ಬಾಟಲಿಗಳ ವಿಷಯ. ಬಾತ್‌ರೂಮಿಗೆ ಹಾಕುವ ಆ್ಯಸಿಡ್, ಟಾಯ್ಲೆಟ್ ಕ್ಲೀನರ್, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಬ್ಲೀಚಿಂಗ್ ಪೌಡರ್, ಬಟ್ಟೆ ಸೋಪು ಇದಕ್ಕೆ ಉಲ್ಟಾ, ಕ್ಷಾರ. ನಮ್ಮ ಚರ್ಮದ ಸ್ವಭಾವ ಸ್ವಲ್ಪ ಹುಳಿ. ಎರಡೂ ಕಡೆಯಿಂದ ಎಳೆದರೆ ಅದಕ್ಕೆ ಆಗುವುದಿಲ್ಲ. ಫಿನೈಲ್ ಇರುವುದು ಬಕೆಟ್ ನೀರಿಗೆ ಒಂದೆರಡು ಮುಚ್ಚಳ ಹಾಕಲು. ವಾಸನೆ ಬರಲಿ ಅಂತ ನೆಲಕ್ಕೆ ಹಾಗೇ ಸುರಿದು ಬಟ್ಟೆಯಲ್ಲಿ ಒರೆಸುವವರನ್ನು ನೋಡಿದ್ದೇನೆ. ಗೆಸ್ಟ್‌ಗೆ ಕ್ಲೀನ್ ಅನ್ನಿಸುವುದು ವಾಸನೆಯಿಂದ, ಏನು ಮಾಡೋಣ. ಚರ್ಮದ ವಿಷಯ ಅಲ್ಲದಿದ್ದರೂ ಒಂದು ಮಾತು ಹೇಳಲೇಬೇಕು: ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಒಟ್ಟಿಗೆ ಹಾಕಬೇಡಿ, ಒಂದಾದ ಮೇಲೊಂದೂ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ. ಕಿಟಕಿ ಇಲ್ಲದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಬರಬಹುದು.

ಗ್ಲೌಸ್ ಹಾಕಿದರೆ ಜಾಸ್ತಿಯಾಯಿತು ಅಂದಿರಿ. ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಈ ಮಾತನ್ನು ನಂಬುತ್ತಿರಲಿಲ್ಲ. ನೆಪ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಒಬ್ಬ ಹೆಂಗಸಿಗೆ ಮೂರು ಸಲ ಮುಲಾಮು ಬರೆದುಕೊಟ್ಟೆ, ಮೂರು ಸಲವೂ "ಗ್ಲೌಸ್ ಹಾಕಿ" ಎಂದು ಗದರಿದೆ. ನಾಲ್ಕನೇ ಸಲ ಅವರು ಚೀಲದಿಂದ ತಮ್ಮ ಹಳದಿ ರಬ್ಬರ್ ಗ್ಲೌಸ್ ತೆಗೆದು ನನ್ನ ಟೇಬಲ್ ಮೇಲೆ ಇಟ್ಟರು. ಒಳಗನ್ನು ಹೊರಕ್ಕೆ ಮಗುಚಿದೆ. ಬೆರಳ ತುದಿಗಳಿಂದ ನೀರು ತೊಟ್ಟಿಕ್ಕಿತು. ಫಿನೈಲ್ ವಾಸನೆ. ಹೆಬ್ಬೆರಳಿನ ಬುಡದಲ್ಲಿ ಸೂಜಿಮೊನೆಯಷ್ಟು ತೂತು. ಅವರು ದಿನಾ ನಾಲ್ಕು ಗಂಟೆ ಫಿನೈಲ್ ನೀರಿನಲ್ಲೇ ಕೈ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು, ನನ್ನ ಮಾತು ಕೇಳಿ. ಆವತ್ತಿನಿಂದ ಔಷಧಿ ಬರೆಯುವ ಮೊದಲು ಗ್ಲೌಸ್ ನೋಡುತ್ತೇನೆ.

ಹಾಗಾಗಿ ಗ್ಲೌಸ್ ಬೇಕು, ಆದರೆ ಹೀಗೆ. ಕೈ ಪೂರ್ತಿ ಒಣಗಿದ ಮೇಲೆ ಹಾಕಿ. ಒಳಗೆ ತೆಳು ಹತ್ತಿಯ ಗ್ಲೌಸ್ ಇರಲಿ, ಬೆವರನ್ನು ಅದು ಹೀರಿಕೊಳ್ಳುತ್ತದೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಹಾಕುವುದಾದರೆ ಒಳಗಿನ ಹತ್ತಿ ಬೇಕೇ ಬೇಕು. ಹತ್ತಿಯದು ಒದ್ದೆ ಅನ್ನಿಸಿದ ಕೂಡಲೇ ಬದಲಿಸಬೇಕು, ಅಂದರೆ ಮೂರು ನಾಲ್ಕು ಜೊತೆ ಇಟ್ಟುಕೊಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಕರ್ಚೀಫೂ ಒಣಗುವುದಿಲ್ಲ, ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿ ಹಾಕಿ. ಹೊರಗಿನ ಗ್ಲೌಸ್ ಮೊಣಕೈ ಕಡೆಗೆ ಉದ್ದ ಇರಲಿ, ಅದರ ಬಾಯಿಯನ್ನು ಹೊರಕ್ಕೆ ಒಂದು ಸುತ್ತು ಮಡಚಿ. ಕೈ ಎತ್ತಿದಾಗ ಇಳಿಯುವ ನೀರು ಮಡಿಕೆಯಲ್ಲಿ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ಗ್ಲೌಸಿಗೆ ನೀರು ತುಂಬಿ, ಬಾಯಿ ಹಿಡಿದು ಒತ್ತಿ ನೋಡಿ. ತೂತಿದ್ದರೆ ಬಿಸಾಡಿ. ಒಣ ಕೆಲಸಕ್ಕೆ, ಅಂದರೆ ಬೆಡ್ ಹಾಕುವಾಗ, ಧೂಳು ಹೊಡೆಯುವಾಗ ಗ್ಲೌಸ್ ತೆಗೆದುಬಿಡಿ. ಕೈಗೆ ಗಾಳಿ ಬೇಕು.

ಇಷ್ಟೆಲ್ಲ ಮಾಡಿಯೂ ತುರಿಕೆ ಜಾಸ್ತಿಯಾದರೆ ಇನ್ನೊಂದು ಅನುಮಾನ ಉಳಿಯುತ್ತದೆ, ಅಲರ್ಜಿ. ತೋಟದಲ್ಲಿ ಚೇರು ಮರ ನೋಡಿರುತ್ತೀರಿ. ಅದರ ಸೊನೆ ತಾಗಿದರೆ ಒಬ್ಬರ ಮುಖ ಊದಿಕೊಳ್ಳುತ್ತದೆ, ಪಕ್ಕದಲ್ಲಿದ್ದವರಿಗೆ ಅಷ್ಟೇನೂ ಆಗುವುದಿಲ್ಲ. ಅಲರ್ಜಿ ಅಂದರೆ ಅದು. ಆಗುವವರಿಗೆ ಚೂರು ತಾಗಿದರೂ ಸಾಕು. ಸೋಪು, ನೀರಿನ ಇಸುಬು ಹಾಗಲ್ಲ, ಸಾಕಷ್ಟು ಹೊತ್ತು ಒದ್ದೆಯಾದರೆ ಯಾರಿಗಾದರೂ ಬರಬಹುದು. ಕ್ಲೀನಿಂಗ್ ಕೆಲಸದವರಲ್ಲಿ ಹೆಚ್ಚು ಕಾಣುವುದು ಈ ಎರಡನೆಯದೇ. ಆದರೆ ಒಡೆದ ಚರ್ಮದಲ್ಲಿ ಅಲರ್ಜಿ ಸುಲಭವಾಗಿ ಹುಟ್ಟುತ್ತದೆ, ಹಾಗಾಗಿ ಒಂದೇ ಕೈಯಲ್ಲಿ ಎರಡೂ ಇರುವುದುಂಟು. ಗ್ಲೌಸಿನ ರಬ್ಬರನ್ನು ಗಟ್ಟಿ ಮಾಡಲು ಹಾಕುವ ಥಯುರಮ್, ಕಾರ್ಬಮೇಟ್ ಅನ್ನುವ ರಾಸಾಯನಿಕಗಳಿಗೆ ಅಲರ್ಜಿಯಾಗುತ್ತದೆ. ಲಿಕ್ವಿಡ್ ಸೋಪು, ಕ್ಲೀನರ್‌ಗಳಿಗೆ ಹಾಕುವ ಸುವಾಸನೆಗೆ ಆಗುತ್ತದೆ. ಅವು ಕೆಡದ ಹಾಗೆ ಹಾಕುವ ಮೀಥೈಲ್‌ಐಸೋಥಯಜೋಲಿನೋನ್‌ಗೂ ಆಗುತ್ತದೆ. ಈ ಕೊನೆಯದು ಎಷ್ಟು ಕಾಟ ಕೊಟ್ಟಿತೆಂದರೆ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಇದನ್ನು ಯುರೋಪ್ 2017ರಿಂದ ನಿಷೇಧಿಸಿದೆ. ಕ್ಲೀನರ್‌ಗಳಲ್ಲಿ ಇನ್ನೂ ಇದೆ.

ಗ್ಲೌಸ್ ಮುಗಿಯುವ ಕಡೆ, ಮಣಿಕಟ್ಟಿನ ಮೇಲೆ ಗೆರೆ ಎಳೆದ ಹಾಗೆ ಕೆಂಪು ನಿಂತಿದೆಯಾ ನೋಡಿ. ನಿಂತಿದ್ದರೆ ರಬ್ಬರಿನ ಮೇಲೆ ಅನುಮಾನ ಜಾಸ್ತಿ. ಆಗ ನೈಟ್ರೈಲ್ ಗ್ಲೌಸ್ ತಗೊಳ್ಳಿ ಅಂತ ಅಂಗಡಿಯವರು ಹೇಳಬಹುದು. ಬಹಳಷ್ಟು ನೈಟ್ರೈಲ್ ಗ್ಲೌಸ್‌ಗಳಲ್ಲಿಯೂ ಅದೇ ರಾಸಾಯನಿಕ ಇರುತ್ತದೆ. ಪಿವಿಸಿ ಗ್ಲೌಸ್, ಅಂದರೆ ಪ್ಲಾಸ್ಟಿಕ್‌ನದು, ಸದ್ಯಕ್ಕೆ ವಾಸಿ. ಇನ್ನೊಂದು ಬಗೆಯ ರಬ್ಬರ್ ಅಲರ್ಜಿ ಇದೆ: ಹಾಕಿದ ಕೆಲವೇ ನಿಮಿಷದಲ್ಲಿ ಗಂಧೆ ಏಳುವುದು, ಸೀನು, ಉಸಿರು ಕಟ್ಟುವುದು. ಅಂಥವರು ರಬ್ಬರ್ ಮುಟ್ಟಲೇಬಾರದು, ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

ಯಾವುದಕ್ಕೆ ಅಲರ್ಜಿ ಅಂತ ಖಚಿತ ಮಾಡುವುದು ಪ್ಯಾಚ್ ಟೆಸ್ಟ್. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಅನುಮಾನದ ವಸ್ತುಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನು ಒದ್ದೆಯಾಗಬಾರದು, ಬೆವರಬಾರದು. ಭಾರತದಲ್ಲಿ ಸಾಮಾನ್ಯವಾಗಿ ಅಲರ್ಜಿ ಮಾಡುವ ವಸ್ತುಗಳದ್ದೇ ಒಂದು ಸೆಟ್ ಇದೆ. ರಕ್ತ ತೆಗೆದು ನೂರೆಂಟು ಪದಾರ್ಥಗಳ ಅಲರ್ಜಿ ಪಟ್ಟಿ ಕೊಡುವ ಟೆಸ್ಟ್ ಇದಕ್ಕೆ ಉಪಯೋಗ ಇಲ್ಲ. ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ. ಪ್ಯಾಚ್ ಟೆಸ್ಟ್ ಎಲ್ಲ ಕಡೆ ಮಾಡುವುದಿಲ್ಲ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮ ವಿಭಾಗದಲ್ಲಿ ವಿಚಾರಿಸಬಹುದು. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಸುಮ್ನೆ ಒಂದು ದಿನದ ಸಂಬಳ ಹೋಗುವುದು ಬೇಡ.

ಈಗ ಆ ಟ್ಯೂಬ್. ಹಚ್ಚಿದರೆ ವಾರದಲ್ಲಿ ಮಾಯ, ಬಿಟ್ಟರೆ ವಾಪಸ್. ಹೆಸರು ನೀವು ಬರೆದಿಲ್ಲ, ಆದರೆ ಊಹೆ ಕಷ್ಟ ಅಲ್ಲ. ಒಂದು ಬಲವಾದ ಸ್ಟೀರಾಯ್ಡ್, ಒಂದು ಫಂಗಸ್ ಔಷಧಿ, ಒಂದು ಬ್ಯಾಕ್ಟೀರಿಯಾ ಔಷಧಿ ಎಲ್ಲ ಬೆರೆಸಿದ ಮುಲಾಮು ಇರಬೇಕು. ಯಾವುದಾದರೂ ಒಂದು ತಾಗಲಿ ಅಂತ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಿಗಿ ಮಾಡಿದ್ದಾರೆ. ಮಾರಾಟ ನಿಂತಿಲ್ಲ.

ಸ್ಟೀರಾಯ್ಡ್ ಅಂದರೆ ವಿಷ ಅಂತ ಹೆದರಿಸುವವರೂ ಇದ್ದಾರೆ, ಅದೂ ತಪ್ಪು. ಕೈ ಇಸುಬಿಗೆ ಮೊದಲ ಔಷಧಿ ಇವತ್ತಿಗೂ ಸ್ಟೀರಾಯ್ಡ್ ಮುಲಾಮೇ. ನಾನೂ ಬರೆಯುತ್ತೇನೆ. ವ್ಯತ್ಯಾಸ ಇರುವುದು ಯಾವುದು, ಎಷ್ಟು, ಎಷ್ಟು ದಿನ ಅನ್ನುವುದರಲ್ಲಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಹಿಂದೆ ಮುಂದೆ ಎರಡಕ್ಕೂ ಅಷ್ಟು ಸಾಕು. ದಿನಕ್ಕೆ ಒಂದೋ ಎರಡೋ ಸಲ, ಎರಡರಿಂದ ನಾಲ್ಕು ವಾರ. ಆಮೇಲೆ ಒಮ್ಮೆಗೇ ನಿಲ್ಲಿಸದೆ ದಿನ ಬಿಟ್ಟು ದಿನ, ನಂತರ ವಾರಕ್ಕೆ ಎರಡು ದಿನ ಅಂತ ಇಳಿಸುತ್ತಾ ಬರಬೇಕು. ಇದನ್ನು ಕೈ ನೋಡಿದ ಡಾಕ್ಟರೇ ಹೇಳಬೇಕು. ತಿಂಗಳುಗಟ್ಟಲೆ ಹಚ್ಚಿದರೆ ಮುಂಗೈ ಚರ್ಮ ಸಿಗರೇಟ್ ಕಾಗದದ ಹಾಗೆ ತೆಳುವಾಗುತ್ತದೆ. ಇನ್ನೂ ತೆಳುವಾದ ಚರ್ಮಕ್ಕೆ ಅದೇ ಆ್ಯಸಿಡ್, ಅದೇ ಫಿನೈಲ್. ಸ್ಟೀರಾಯ್ಡ್ ಬೇಡ ಅನ್ನುವ ಕಡೆ ಟ್ಯಾಕ್ರೋಲಿಮಸ್ ಮುಲಾಮು ಇದೆ, ಸ್ವಲ್ಪ ದುಬಾರಿ. ಮೊದಲ ಕೆಲವು ದಿನ ಖಾರ ಹಚ್ಚಿದ ಹಾಗೆ ಉರಿಯುತ್ತದೆ, ಹೆದರಿ ಬಿಡಬೇಡಿ. ಇದಕ್ಕೂ ಬಗ್ಗದಿದ್ದರೆ ಬೆಳಕಿನ ಚಿಕಿತ್ಸೆ ಇದೆ, ಮೆಥೋಟ್ರೆಕ್ಸೇಟ್‌ನಂಥ ಮಾತ್ರೆಗಳಿವೆ. ಮಾತ್ರೆ ಶುರುವಾದರೆ ಆಗಾಗ ರಕ್ತ ಪರೀಕ್ಷೆ ಬೇಕು, ಮಗು ಬೇಕು ಅನ್ನುವವರು ಮೆಥೋಟ್ರೆಕ್ಸೇಟ್ ಮುಟ್ಟಬಾರದು. ನಿಮ್ಮ ಹಂತದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲಿಕ್ಕಿಲ್ಲ. ಒಂದು ಸೂಜಿ ಚುಚ್ಚಿಸಿಕೊಂಡರೆ ಹದಿನೈದು ದಿನ ಆರಾಮ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದೂ ಸ್ಟೀರಾಯ್ಡೇ. ಪದೇಪದೇ ತಗೊಂಡರೆ ಶುಗರ್, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ.

ಮುಲಾಮಿಗಿಂತ ಜಾಸ್ತಿ ಕೆಲಸ ಮಾಡುವುದು ಜಿಡ್ಡು. ಹಂಚನ್ನು ಮತ್ತೆ ಪಳಗಿಸಬೇಕಲ್ಲ. ವ್ಯಾಸಲೀನ್ ಥರದ ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಅಗ್ಗ, ಅದಕ್ಕೆ ಅಲರ್ಜಿ ಆಗುವುದು ತೀರಾ ಅಪರೂಪ. ಕೊಬ್ಬರಿ ಎಣ್ಣೆಯೂ ಪರವಾಗಿಲ್ಲ, ಆದರೆ ಬೇಗ ಇಂಗಿಹೋಗುತ್ತದೆ. ಕೈ ತೊಳೆದು, ಒತ್ತಿ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚಿ. ಸಂದಿಗಳನ್ನು ಮರೆಯಬೇಡಿ. ದಿನಕ್ಕೆ ಐದಾರು ಸಲ. ರಾತ್ರಿ ದಪ್ಪಗೆ ಹಚ್ಚಿ ಹತ್ತಿಯ ಗ್ಲೌಸ್ ಅಥವಾ ಹಳೆಯ ಕಾಟನ್ ಸಾಕ್ಸ್ ಕೈಗೆ ಹಾಕಿಕೊಂಡು ಮಲಗಿ. ಮನೆಯವರು ನಗುತ್ತಾರೆ, ನಗಲಿ. ಡೆಟಾಲ್ ನೀರು, ಸುಣ್ಣ, ನಿಂಬೆರಸ, ಉಪ್ಪುನೀರು ಯಾವುದೂ ಬೇಡ. ಬೇವಿನ ಎಲೆ ಅರೆದು ಹಚ್ಚುವುದೂ ಒಡೆದ ಚರ್ಮಕ್ಕೆ ಉರಿಯೇ.

ಇನ್ನು ಕೆಲಸ ಬಿಡಬೇಕಾ ಅನ್ನುವುದು. ಬಿಡಿ ಅಂತ ಹೇಳುವುದು ನನಗೆ ಸುಲಭ, ಪಿಯುಸಿ ಫೀಸು ಕಟ್ಟುವವರು ನೀವು. ನನ್ನ ಅನುಭವದಲ್ಲಿ ಹೆಚ್ಚಿನವರು ಬಿಡಬೇಕಾಗುವುದಿಲ್ಲ, ಕೆಲಸದ ವರಸೆ ಬದಲಾಗಬೇಕಾಗುತ್ತದೆ. ನಿಮ್ಮ ಹನ್ನೊಂದರಿಂದ ಒಂದರ ಓಟವನ್ನೇ ನೋಡಿ. ಟೈಮ್ ಇಲ್ಲ ಅಂತ ಆ್ಯಸಿಡ್ ಸುರಿದು ತಕ್ಷಣ ಕೈಯಲ್ಲಿ ಬಟ್ಟೆ ಹಿಡಿದು ತಿಕ್ಕುತ್ತೀರಿ. ಅದರ ಬದಲು ಮೊದಲು ಆರೂ ಬಾತ್‌ರೂಮಿಗೆ ಹೋಗಿ ಕ್ಲೀನರ್ ಹಾಕಿ, ಕಿಟಕಿ ತೆಗೆದು ಬಂದುಬಿಡಿ. ಆಮೇಲೆ ಬೆಡ್‌ಶೀಟ್ ಬದಲಿಸುವುದು, ಗುಡಿಸುವುದು, ಕಸ ತೆಗೆಯುವುದು, ಹೀಗೆ ಒಣ ಕೆಲಸ. ಅಷ್ಟರಲ್ಲಿ ಕ್ಲೀನರ್ ತನ್ನ ಕೆಲಸ ತಾನೇ ಮಾಡಿರುತ್ತದೆ. ವಾಪಸ್ ಹೋಗಿ ಗ್ಲೌಸ್ ಹಾಕಿ ಉದ್ದ ಹಿಡಿಯ ಬ್ರಷ್‌ನಲ್ಲಿ ಉಜ್ಜಿ ನೀರು ಹಾಕಿದರೆ ಮುಗಿಯಿತು. ತಿಕ್ಕುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ನೆಲ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಂಡುವ ಬದಲು ಹಿಂಡುವ ಬಕೆಟ್ ಇರುವ ಮಾಪ್ ತರಿಸಿ. ಇಬ್ಬರು ಕೆಲಸಕ್ಕಿದ್ದರೆ ಒಬ್ಬರೇ ಎಲ್ಲ ಬಾತ್‌ರೂಮು ತೊಳೆಯುವುದು ಬೇಡ, ಮೂರು ಮೂರು ಹಂಚಿಕೊಳ್ಳಿ. ಓನರ್‌ಗೆ ಖರ್ಚು ಅಂದರೆ ಒಂದು ಮಾಪ್, ಎರಡು ಬ್ರಷ್, ಕೆಲವು ಜೊತೆ ಗ್ಲೌಸ್. ಒಂದು ರೂಮಿನ ಒಂದು ರಾತ್ರಿಯ ಬಾಡಿಗೆಗಿಂತ ಜಾಸ್ತಿ ಆಗಲಾರದು. ಅವರ ಮುಂದೆ ಈ ಲೆಕ್ಕವನ್ನೇ ಇಡಿ.

ಸಾಧ್ಯವಾದರೆ ಮೊದಲ ಎರಡು ಮೂರು ವಾರ ಒದ್ದೆ ಕೆಲಸದಿಂದ ರಜೆ ಕೇಳಿ. ಚಿಕಿತ್ಸೆ ಬೇಗ ಹಿಡಿಯುತ್ತದೆ, ಕೆಲಸಕ್ಕೂ ಕೈಗೂ ಇರುವ ನಂಟೂ ಕಣ್ಣಿಗೇ ಕಾಣುತ್ತದೆ. ಆದರೆ ಇಲ್ಲೊಂದು ಮೋಸ ಇದೆ. ಕೈ ನೋಡಲು ಚೆನ್ನಾದ ಮೇಲೂ ಒಳಗಿನ ತಡೆಗೋಡೆ ಗಟ್ಟಿಯಾಗಲು ಮೂರು ನಾಲ್ಕು ತಿಂಗಳು ಬೇಕು. ವಾಸಿಯಾಯಿತು ಅಂತ ಗ್ಲೌಸ್, ವ್ಯಾಸಲೀನ್ ಬಿಟ್ಟವರು ಅಷ್ಟರೊಳಗೇ ಮತ್ತೆ ನನ್ನ ಮುಂದೆ ಕೂತಿರುತ್ತಾರೆ.

ಕೆಲಸ ಬದಲಿಸುವ ಮಾತು ಬರುವುದು ಎರಡು ಸಂದರ್ಭದಲ್ಲಿ. ಒಂದು, ತಪ್ಪಿಸಲಾಗದ ವಸ್ತುವಿಗೇ ಅಲರ್ಜಿ ಅಂತ ಪ್ಯಾಚ್ ಟೆಸ್ಟ್‌ನಲ್ಲಿ ಗೊತ್ತಾದರೆ. ಇನ್ನೊಂದು, ಚಿಕ್ಕಂದಿನಿಂದ ಮೊಣಕೈ, ಮೊಣಕಾಲ ಸಂದಿಯಲ್ಲಿ ಇಸುಬು ಇದ್ದವರಿಗೆ, ಅದರ ಜೊತೆ ಆಸ್ತಮಾ ಇದ್ದವರಿಗೆ. ಅವರ ಚರ್ಮ ಹುಟ್ಟಿನಿಂದಲೇ ಸೋರುವ ಚರ್ಮ. ನಿಮಗೆ ಹಾಗೇನಾದರೂ ಇತ್ತಾ, ಅಮ್ಮನನ್ನು ಕೇಳಿ. ನೀವು ಕೆಲಸ ಮಾಡುವ ಕಡೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಇ.ಎಸ್.ಐ. ಇದೆಯಾ ಅಂತ ವಿಚಾರಿಸಿ. ಕೆಲಸದಿಂದ ಬರುವ ಚರ್ಮರೋಗ ಪರಿಹಾ‌ರದ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲಿ ಇದೆ. ಕೆಲಸಕ್ಕೂ ಕೈಗೂ ಸಂಬಂಧ ಇದೆ ಅಂತ ಡಾಕ್ಟರಿಂದ ಬರೆಸಿ ಇಟ್ಟುಕೊಳ್ಳಿ.

ರೇಷನ್ ಅಂಗಡಿಯ ಹೆಬ್ಬೆಟ್ಟಿಗೆ ಗಾಬರಿ ಬೇಡ. ಬೆರಳ ಗೆರೆಗಳ ಬೇರು ಚರ್ಮದ ಒಳಪದರದಲ್ಲಿದೆ, ಮೇಲ್ಪದರ ವಾಸಿಯಾದರೆ ಅದೇ ಗೆರೆ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಹೋಗಿ ಬೆರಳು ಕೊಡಲಿ.

ಚರ್ಮದ ಡಾಕ್ಟರನ್ನು ಒಮ್ಮೆ ಕಾಣಲೇಬೇಕು. ಇಸುಬಿನ ವೇಷದಲ್ಲಿ ಬೇರೆಯವೂ ಬರುತ್ತವೆ. ಒಂದೇ ಕೈಯಲ್ಲಿ ಇದ್ದು ಪಾದಗಳಲ್ಲೂ ಸಿಪ್ಪೆ ಏಳುತ್ತಿದ್ದರೆ ಹುಳುಕಡ್ಡಿ ಇರಬಹುದು, ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ರಾತ್ರಿ ತುರಿಕೆ ಜಾಸ್ತಿಯಾಗಿ ಮನೆಯವರಿಗೂ ಇದ್ದರೆ ಅದು ಕಜ್ಜಿ ಇರಬಹುದು. ಇಸುಬಿನ ಹಾಗಲ್ಲ, ಹುಳುಕಡ್ಡಿ, ಕಜ್ಜಿ ಎರಡೂ ಅಂಟುತ್ತವೆ. ಬೆರಳ ಪಕ್ಕದಲ್ಲಿ ಸಬ್ಬಕ್ಕಿ ಕಾಳಿನಂಥ ನೀರಗುಳ್ಳೆ ಏಳುತ್ತಿದ್ದರೆ ಅದೂ ಇಸುಬಿನದೇ ಇನ್ನೊಂದು ಬಗೆ. ಕೀವು, ಜ್ವರ, ಕೈ ಊತ, ತೋಳಿನ ಮೇಲೆ ಕೆಂಪು ಗೆರೆ ಇವುಗಳಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹೋಗುವಾಗ ಗ್ಲೌಸ್ ತಗೊಂಡು ಹೋಗಿ, ತೊಳೆಯದೆ, ನೀವು ಹಾಕುವ ಹಾಗೇ. ಬಳಸುವ ಎಲ್ಲ ಬಾಟಲಿಗಳ ಹಿಂದಿನ ಲೇಬಲ್ ಕಾಣುವ ಹಾಗೆ ಮಗಳ ಮೊಬೈಲ್‌ನಲ್ಲಿ ಫೋಟೋ ತೆಗೆಸಿ. ಆ ಟ್ಯೂಬನ್ನೂ ಮರೆಯಬೇಡಿ, ಖಾಲಿಯಾಗಿದ್ದರೂ ಸರಿ.